ಚಳಿಗೆ ನಿಲ್ಲುವ ಲಾರಿ: ಇಂಜಿನ್ ಬದಲಿಸುವ ಮುನ್ನ ಮೂರು ಮುಂಜಾವು

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಸ್ವಾರಗೇಟ ಎಂದರೆ ಊರಿನ ಬಾಗಿಲು. ಕೊಲ್ಹಾಪುರ, ಬೆಳಗಾವಿಗಳ ಕಡೆಗೆ ಹೊರಡುವ ಸಾತಾರಾ ರಸ್ತೆಯೂ, ಹಡಪಸರವನ್ನು ದಾಟಿ ಸೊಲ್ಲಾಪುರ, ವಿಜಯಪುರಗಳ ಕಡೆಗೆ ಸಾಗುವ ದಾರಿಯೂ ನಮ್ಮ ಪಾಲಿಗೆ ಇಲ್ಲಿಂದಲೇ ಆರಂಭವಾಗುತ್ತವೆ. ಹಬ್ಬಹರಿದಿನಗಳಿಗೆ ಊರಿಗೆ ಹೊರಟವರು ಇಲ್ಲಿನ ಬಸ್ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯ್ದದ್ದನ್ನು ಮರೆಯಲಾರರು. 2024ರ ಸೆಪ್ಟೆಂಬರಿನಿಂದ ನೆಲದಡಿಯ ಮೆಟ್ರೋ ರೈಲೂ ಇಲ್ಲಿಗೆ ಬಂದು ತಲುಪಿದೆ. ಆದರೆ ನಮ್ಮಲ್ಲಿ ಅನೇಕರು ಕಾಣದ ಇನ್ನೊಂದು ಸ್ವಾರಗೇಟ ಇದೆ. ಅದು ಬೆಳಗಿನ ಜಾವ ನಾಲ್ಕು ಗಂಟೆಯದು. ಸಮೀಪದ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಸರಕಿಳಿಸಿದ ಲಾರಿಗಳು ನಗರ ಎಚ್ಚರಗೊಳ್ಳುವ ಮುನ್ನ ಹೊರಬೀಳಲು ಅವಸರಪಡುವ ಹೊತ್ತು ಅದು. ಹಗಲಿನಲ್ಲಿ ನಗರದ ಅನೇಕ ರಸ್ತೆಗಳಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿರುವುದರಿಂದ, ಆ ಹೊತ್ತಿನಲ್ಲಿ ಹೊರಡಲಾಗದ ಲಾರಿ ಒಂದು ದಿನದ ದುಡಿಮೆಯನ್ನೇ ಕಳೆದುಕೊಳ್ಳುತ್ತದೆ.

ಕಳೆದ ಚಳಿಗಾಲದಲ್ಲಿ ಅಂಥದೊಂದು ಲಾರಿಯ ಸಂಕಟವನ್ನು ಹತ್ತಿರದಿಂದ ನೋಡುವ ಪ್ರಸಂಗ ಒದಗಿತು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಕುಟುಂಬದ್ದು ಆ ಲಾರಿ. ಅಣ್ಣ ಊರಿನಲ್ಲಿ ನಿಂಬೆಯ ತೋಟ ನೋಡಿಕೊಳ್ಳುತ್ತಾರೆ. ತಮ್ಮ ಪುಣೆಯಲ್ಲಿ ಸಂಸಾರ ಹೂಡಿ ಸರಕಿನ ವ್ಯವಹಾರ ನೋಡಿಕೊಳ್ಳುತ್ತಾನೆ. ಲಾರಿ ಅವರ ತಂದೆ 2003ರಲ್ಲಿ ಕೊಂಡದ್ದು, ಟಾಟಾ 1613. ಡಿಸೆಂಬರ್ ಬಂದೊಡನೆ ಅದಕ್ಕೊಂದು ರೋಗ ಹತ್ತಿಕೊಂಡಿತು. ತಮ್ಮನ ಮಾತಿನಲ್ಲೇ ಹೇಳುವುದಾದರೆ, "ಕಾಕಾ, ಚಾಲೂ ಆಗ್ತದ್ರಿ, ಹತ್ತು ಎಣಸೂದ್ರಾಗ ಬಂದ್ ಬೀಳ್ತದ. ಮತ್ತ ಸೆಲ್ಫ್ ಹೊಡದು ಹೊಡದು ಬ್ಯಾಟರಿ ಸಾಯ್ತದ." ಒಮ್ಮೆ ಹಿಡಿದುಕೊಂಡರೆ ಸೊಲ್ಲಾಪುರದವರೆಗೂ ತೊಂದರೆಯಿಲ್ಲ. ಸಂಜೆ ನಿಲ್ಲಿಸಿ ಮರುದಿನ ಬೆಳಿಗ್ಗೆ ಎಬ್ಬಿಸಹೋದರೆ ಮತ್ತೆ ಅದೇ ಹಾಡು.

ಗ್ಯಾರೇಜಿನ ಮಿಸ್ತ್ರಿ ಹೊಗೆ ನೋಡಿ, ಇಂಜಿನ್ನಿನ ಆಯುಷ್ಯ ಮುಗಿದಿದೆ, ಬದಲಿಸುವುದೇ ಲೇಸು ಎಂದು ತೀರ್ಪು ಕೊಟ್ಟಿದ್ದರು. ಖರ್ಚಿನ ಅಂದಾಜು ಲಕ್ಷಗಳಲ್ಲಿತ್ತು. ಅಣ್ಣನಿಗೆ ಲಾರಿಯನ್ನು ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳುವ ಮನಸ್ಸು. ತಮ್ಮನಿಗೆ ಹೆಂಡತಿಯ ಬಂಗಾರ ಅಡವಿಟ್ಟಾದರೂ ಅಪ್ಪನ ಗಾಡಿಯನ್ನು ಉಳಿಸುವ ಹಟ. ದಿನವೂ ಫೋನಿನಲ್ಲಿ ವಾದ. ಇಬ್ಬರೂ ಕೇಳದೆ ಬಿಟ್ಟಿದ್ದ ಪ್ರಶ್ನೆ ಒಂದೇ: ತಪ್ಪು ಇಂಜಿನ್ನಿನದೇ ಎಂಬುದಕ್ಕೆ ಸಾಕ್ಷಿ ಏನು? ಇಂತಹ ಹಳೆಯ ಲಾರಿ, ಟೆಂಪೋಗಳು ನಮ್ಮ ಅನೇಕ ಕುಟುಂಬಗಳಲ್ಲಿ, ಇಲ್ಲವೇ ಊರಿನ ಬಂಧುಗಳ ಮನೆಗಳಲ್ಲಿ ಇಂದಿಗೂ ಅನ್ನ ಕೊಡುತ್ತಿರುವುದರಿಂದ ಈ ಸಾಕ್ಷಿಯನ್ನು ಹುಡುಕುವ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಇಂಜಿನ್ನಿನ ಕುಲಗೋತ್ರ

ಮೊದಲು ವಾಹನದ ಪರಿಚಯ. ಟಾಟಾ ಲಾರಿಗಳ ಹೆಸರಿನ ಅಂಕಿಗಳು ಅರ್ಥವಿಲ್ಲದವಲ್ಲ. 1613 ಎಂದರೆ ಸರಕು ಸಮೇತ ಒಟ್ಟು ತೂಕ ಸುಮಾರು 16 ಟನ್, ಶಕ್ತಿ ಸುಮಾರು 130 ಅಶ್ವಶಕ್ತಿ. ಅದರ ಒಡಲಿನಲ್ಲಿರುವ 697 ಎಂಬ ಇಂಜಿನ್ನಿನ ಹೆಸರೂ ಹಾಗೆಯೇ: 6 ಸಿಲಿಂಡರುಗಳು, ಪ್ರತಿಯೊಂದರ ಒಳವ್ಯಾಸ 97 ಮಿಲಿಮೀಟರ್. ಪಿಸ್ಟನ್ನಿನ ಓಟ 128 ಮಿಲಿಮೀಟರ್. ಗುಣಿಸಿ ನೋಡಿದರೆ ಆರೂ ಸೇರಿ ಸುಮಾರು 5675 ಘನ ಸೆಂಟಿಮೀಟರ್ ಆಗುತ್ತದೆ. ಇದು ಜರ್ಮನಿಯ ಮರ್ಸಿಡಿಸ್ ಬೆಂಜ್ ಲಾರಿಗಳ ಪ್ರಸಿದ್ಧ ಇಂಜಿನ್ನಿನದೇ ಅಳತೆ. 1954ರಲ್ಲಿ ಟೆಲ್ಕೋ ಸಂಸ್ಥೆ ಡೈಮ್ಲರ್ ಬೆಂಜ್ ಜೊತೆ ಮಾಡಿಕೊಂಡ ಒಪ್ಪಂದ 1969ರಲ್ಲಿ ಮುಗಿದರೂ, ಆ ವಂಶದ ಇಂಜಿನ್ ಈ ನೆಲದಲ್ಲಿ ದಶಕಗಳ ಕಾಲ ದುಡಿಯಿತು. ಟೆಲ್ಕೋ 2003ರಲ್ಲಿ ಟಾಟಾ ಮೋಟಾರ್ಸ್ ಎಂದು ಹೆಸರು ಬದಲಿಸಿತು. ಅದೇ ವರ್ಷ ನಮ್ಮ ಈ ಲಾರಿ ರಸ್ತೆಗಿಳಿಯಿತು.

ಇಂಜಿನ್ನಿಗೆ ಅಳತೆ ಮಾಡಿ ಡೀಸೆಲ್ ಉಣಿಸುವ ಪಂಪಿಗಂತೂ ಕನ್ನಡ ನಾಡಿನ ನಂಟಿದೆ. ರಾಬರ್ಟ್ ಬಾಷ್ ಸಂಸ್ಥೆ 1927ರಲ್ಲಿ ಜರ್ಮನಿಯಲ್ಲಿ ಡೀಸೆಲ್ ಪಂಪುಗಳ ದೊಡ್ಡ ಪ್ರಮಾಣದ ತಯಾರಿಕೆ ಆರಂಭಿಸಿತು. ಅದರ ಭಾರತೀಯ ಶಾಖೆಯಾಗಿ 1951ರಲ್ಲಿ ಹುಟ್ಟಿದ್ದು ಮೈಕೋ. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಾದ ಪಂಪುಗಳು ದೇಶದ ಮೂಲೆಮೂಲೆಯ ಲಾರಿ, ಟ್ರ್ಯಾಕ್ಟರುಗಳಲ್ಲಿ ಕುಳಿತವು. ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರು ತಳೆದರೂ, ಹಳೆಯ ಮಿಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ.

ಈ ಪಂಪಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಎಲ್ಲವೂ ಕಬ್ಬಿಣದ ಯಾಂತ್ರಿಕ ಚಲನೆ. ಆದ್ದರಿಂದ ದೋಷವನ್ನು ತೋರಿಸುವ ದೀಪವೂ ಉರಿಯುವುದಿಲ್ಲ. ಕಣ್ಣು, ಕಿವಿ, ಮೂಗುಗಳಿಂದಲೇ ಪತ್ತೆಹಚ್ಚಬೇಕು.

ಚಳಿಗೂ ಡೀಸೆಲ್ಲಿಗೂ ಏನು ಸಂಬಂಧ

ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸಿ ಬೆಂಕಿ ಹಚ್ಚುತ್ತಾರೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನೇಳನೇ ಒಂದು ಭಾಗಕ್ಕೆ ಒಮ್ಮೆಲೇ ಅದುಮಿದಾಗ ಅದು ಐನೂರು ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ ಮೂಲಕ ಮಂಜಿನಂತೆ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದರ ಮರ್ಮ ಗೊತ್ತು.

ಹೀಗಾಗಿ ತಣ್ಣಗಿನ ಇಂಜಿನ್ ಏಳಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಸೆಲ್ಫ್ ಮೋಟಾರು ಸಾಕಷ್ಟು ವೇಗವಾಗಿ ತಿರುಗಿಸಬೇಕು. ಸಿಲಿಂಡರ್ ಗಾಳಿಯನ್ನು ಸೋರದಂತೆ ಅದುಮಬೇಕು. ಡೀಸೆಲ್ ಸರಿಯಾದ ಸಮಯಕ್ಕೆ, ಸರಿಯಾದ ಪ್ರಮಾಣದಲ್ಲಿ, ಗಾಳಿಯ ಗುಳ್ಳೆಯಿಲ್ಲದೆ ಬರಬೇಕು. ಪುಣೆಯ ಡಿಸೆಂಬರ್, ಜನವರಿಗಳ ಮುಂಜಾವಿನಲ್ಲಿ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಲ್ಲ. ಆಗ ಇಂಜಿನ್ ಆಯಿಲ್ ಮಂದವಾಗಿ ಸೆಲ್ಫಿನ ಮೇಲೆ ಭಾರ ಬೀಳುತ್ತದೆ, ಬ್ಯಾಟರಿಯ ಕಸುವು ಕುಗ್ಗುತ್ತದೆ, ಅದುಮಿದ ಗಾಳಿಯ ಶಾಖವನ್ನು ತಣ್ಣಗಿನ ಲೋಹ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೇಗೋ ಸಾಗಿಹೋಗುತ್ತಿದ್ದ ಸಣ್ಣ ನ್ಯೂನತೆಗಳೆಲ್ಲ ಚಳಿಯಲ್ಲಿ ಬಯಲಿಗೆ ಬರುತ್ತವೆ. ಡೀಸೆಲ್ಲೇ ಹೆಪ್ಪುಗಟ್ಟಿತೆಂದು ಕೆಲವರು ಹೇಳುವುದುಂಟು. ಭಾರತೀಯ ಮಾನಕದ ಪ್ರಕಾರ ಚಳಿಗಾಲದ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರಿನಲ್ಲಿ ಕಟ್ಟಿಕೊಳ್ಳಬಾರದು. ಬೇಸಿಗೆಯ ಡೀಸೆಲ್ಲಿಗೆ ಈ ಮಿತಿ 18 ಡಿಗ್ರಿ. ಎಂದರೆ, ಬಹುದಿನ ನಿಂತ ಗಾಡಿಯ ಟಾಕಿಯಲ್ಲಿ ಬೇಸಿಗೆಯ ಡೀಸೆಲ್ ಉಳಿದಿದ್ದರೆ ಮಾತ್ರ ಪುಣೆಯಲ್ಲಿ ಈ ಅನುಮಾನಕ್ಕೆ ಆಸ್ಪದವಿದೆ. ದಿನವೂ ಓಡುವ ಲಾರಿಗೆ ಅದು ಅನ್ವಯಿಸದು.

ಈಗ ಮುಖ್ಯ ಮಾತು. ಚಳಿಯಲ್ಲಿ ಇಂಜಿನ್ ಹೊತ್ತಿಕೊಳ್ಳದೇ ಇರುವುದು ಬೇರೆ; ಹೊತ್ತಿಕೊಂಡು ನಿಲ್ಲುವುದು ಬೇರೆ. ಗ್ಯಾರೇಜುಗಳಲ್ಲಿ ಇವೆರಡನ್ನೂ ಒಂದೇ ಎಂದು ಎಣಿಸುವುದರಿಂದಲೇ ಹೆಚ್ಚಿನ ಅನಾಹುತ. ಸಿಲಿಂಡರಿನಲ್ಲಿ ಕಂಪ್ರೆಶನ್ ಇಲ್ಲದ ಇಂಜಿನ್ ಹೊತ್ತಿಕೊಳ್ಳಲಿಕ್ಕೇ ಹೆಣಗುತ್ತದೆ. ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ, ಬಿಳಿ ಹೊಗೆ ಉಗುಳುತ್ತ, ಕುಂಟುತ್ತ ಏಳುತ್ತದೆ. ಎದ್ದ ಮೇಲೆ ಬಿಸಿಯೇರುತ್ತ ಸುಧಾರಿಸುತ್ತದೆ. ನಮ್ಮ ಲಾರಿಯ ನಡತೆ ಇದಕ್ಕೆ ವಿರುದ್ಧವಾಗಿತ್ತು. ಮೊದಲ ಹೊಡೆತಕ್ಕೇ ಏಳುತ್ತಿತ್ತು, ಹತ್ತು ಸೆಕೆಂಡು ಸರಿಯಾಗಿ ಓಡುತ್ತಿತ್ತು, ನಂತರ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಹೊತ್ತಿಕೊಳ್ಳುವ ಶಕ್ತಿ ಇದೆ, ಹತ್ತು ಸೆಕೆಂಡಿನ ಅನ್ನವೂ ಇದೆ, ಹನ್ನೊಂದನೆಯ ಸೆಕೆಂಡಿಗೆ ಅನ್ನವಿಲ್ಲ ಎಂಬುದೇ ಇದರ ಅರ್ಥವಲ್ಲವೇ?

ಹೊರಗೆ ಹನಿಯದ ಸೋರಿಕೆ

ಲಾರಿಯ ಡೀಸೆಲ್ ಟಾಕಿ ಚಾಸಿಯ ಪಕ್ಕದಲ್ಲಿ ತಗ್ಗಿನಲ್ಲಿ ಇರುತ್ತದೆ. ಪಂಪು ಅದಕ್ಕಿಂತ ಎತ್ತರದಲ್ಲಿ. ನಡುವೆ ಕೊಳವೆ, ರಬ್ಬರ್ ಪೈಪು, ಜಾಲರಿ, ಫೀಡ್ ಪಂಪು, ಫಿಲ್ಟರುಗಳು. ಟಾಕಿಯಿಂದ ಫೀಡ್ ಪಂಪಿನವರೆಗಿನ ಭಾಗದಲ್ಲಿ ಡೀಸೆಲ್ ಮೇಲಕ್ಕೆ ಹೀರಲ್ಪಡುತ್ತದೆ. ಅಲ್ಲಿರುವುದು ಒತ್ತಡವಲ್ಲ, ಸೆಳೆತ. ಆದ್ದರಿಂದ ಅಲ್ಲಿ ಎಲ್ಲಿಯಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಡೀಸೆಲ್ ಹೊರಗೆ ಹನಿಯುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ನೆಲದ ಮೇಲೆ ಕಲೆಯಿಲ್ಲ, ವಾಸನೆಯಿಲ್ಲ. ಹುಡುಕುವವರ ದಾರಿ ತಪ್ಪುವುದು ಇಲ್ಲಿಯೇ.

ರಾತ್ರಿಯಿಡೀ ಲಾರಿ ನಿಂತಾಗ ಆ ಬಿರುಕಿನಿಂದ ಗಾಳಿ ನುಸುಳಿ, ಕೊಳವೆಯಲ್ಲಿದ್ದ ಡೀಸೆಲ್ ಮೆಲ್ಲನೆ ಟಾಕಿಗೆ ಜಾರಿಹೋಗುತ್ತದೆ. ಪಂಪಿನ ಒಡಲಿನಲ್ಲಿ ಮಾತ್ರ ಒಂದಿಷ್ಟು ಉಳಿದಿರುತ್ತದೆ. ಬೆಳಿಗ್ಗೆ ಇಂಜಿನ್ ಅದನ್ನುಂಡು ಏಳುತ್ತದೆ. ಅದು ಮುಗಿಯುವ ಹೊತ್ತಿಗೆ ಕೊಳವೆಯಲ್ಲಿದ್ದ ಗಾಳಿ ಪಂಪಿಗೆ ಬಂದು ತಲುಪುತ್ತದೆ. ಡೀಸೆಲ್ಲನ್ನು ಅದುಮಲು ಬರುವುದಿಲ್ಲ, ಆದ್ದರಿಂದ ಅದು ನಾಜಲ್ ತೆರೆಯುವ ಒತ್ತಡವನ್ನು, ಅಂದರೆ ವಾತಾವರಣದ ಒತ್ತಡದ ಸುಮಾರು ಇನ್ನೂರು ಪಟ್ಟನ್ನು, ಸುಲಭವಾಗಿ ಮುಟ್ಟುತ್ತದೆ. ಗಾಳಿ ಸ್ಪಂಜಿನಂತೆ ಕುಗ್ಗುತ್ತದೆ, ನಾಜಲ್ ತೆರೆಯುವುದೇ ಇಲ್ಲ. ನಮ್ಮ ಚಾಲಕರು ಹೇಳುವ "ಏರ್ ಹಿಡಿದಿದೆ" ಎಂಬ ಮಾತಿನ ಹಿಂದಿನ ವಿಜ್ಞಾನ ಇಷ್ಟೇ.

ಇದು ಚಳಿಗಾಲದಲ್ಲೇ ಏಕೆ ಹೆಚ್ಚು? ಹಳೆಯ ರಬ್ಬರ್ ಚಳಿಗೆ ಗಡಸಾಗಿ ಕುಗ್ಗುತ್ತದೆ. ಬಿಸಿಯಲ್ಲಿ ಬಿಗಿಯಾಗಿ ಕೂರುತ್ತಿದ್ದ ಪೈಪು ಚಳಿಯಲ್ಲಿ ಸಂದು ಬಿಡುತ್ತದೆ. ಇನ್ನೊಂದು ಕಾರಣವನ್ನೂ ಗಮನಿಸಬೇಕು. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಗಂಧಕದ ಅಂಶ ಹತ್ತು ಲಕ್ಷದಲ್ಲಿ ಹತ್ತು ಭಾಗಕ್ಕೆ ಇಳಿದ ಡೀಸೆಲ್ ಬಂದಿದೆ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಇತರ ಕೆಲವು ಅಂಶಗಳೂ ಕಡಿಮೆಯಾಗುತ್ತವೆ. ಹಳೆಯ ಡೀಸೆಲ್ ಕುಡಿದು ಉಬ್ಬಿ ಕುಳಿತಿದ್ದ ರಬ್ಬರ್ ಸೀಲುಗಳು ಇಂತಹ ಡೀಸೆಲ್ಲಿನಲ್ಲಿ ಕುಗ್ಗಿ ಸೋರುವುದನ್ನು ಅಮೆರಿಕದಲ್ಲಿ 1990ರ ದಶಕದಲ್ಲೇ ಕಂಡುಕೊಂಡಿದ್ದರು. ಇಪ್ಪತ್ತು ವರ್ಷ ಹಳೆಯ ಪಂಪಿನ ಸೀಲುಗಳನ್ನು ಅನುಮಾನದಿಂದ ನೋಡುವುದಕ್ಕೆ ಇದೂ ಒಂದು ಕಾರಣ.

ಮೂರು ಮುಂಜಾವಿನ ಪರೀಕ್ಷೆ

ತಮ್ಮನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಮಿಸ್ತ್ರಿಯಂತೂ ಮುಖ ಸಿಂಡರಿಸಿದರು. ಕೊನೆಗೆ ಮೂರು ದಿನ ಕಾಯುವುದೆಂದು ತೀರ್ಮಾನವಾಯಿತು. ಮೂರು ಮುಂಜಾವು ಏಕೆಂದರೆ, ಇಂತಹ ರೋಗ ದಿನಕ್ಕೊಂದೇ ಬಾರಿ ದರ್ಶನ ಕೊಡುತ್ತದೆ. ಒಮ್ಮೆ ಇಂಜಿನ್ ಬಿಸಿಯಾಯಿತೆಂದರೆ ಆ ದಿನದ ಪರೀಕ್ಷೆ ಮುಗಿದಂತೆ. ಒಂದು ದಿನ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ನಾಲ್ಕು ಬಿಡಿಭಾಗ ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವುದರಿಂದ ಎಂಬುದು ತಿಳಿಯುವುದಿಲ್ಲ.

ಮೊದಲ ದಿನ ಸೆಲ್ಫ್ ಮುಟ್ಟುವ ಮುನ್ನ ಫೀಡ್ ಪಂಪಿನ ಮೇಲಿರುವ ಹ್ಯಾಂಡ್ ಪಂಪನ್ನು ಒತ್ತಿದೆವು. ಮೊದಲ ಇಪ್ಪತ್ತು ಮೂವತ್ತು ಒತ್ತುಗಳು ಟೊಳ್ಳಾಗಿದ್ದವು. ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿದಾಗ ಬುಸ್ಸೆಂದು ನೊರೆ ಬಂತು, ಆಮೇಲೆ ಶುದ್ಧ ಡೀಸೆಲ್. ಸ್ಕ್ರೂ ಬಿಗಿದು ಸೆಲ್ಫ್ ಹೊಡೆದಾಗ ಲಾರಿ ಎದ್ದಿತು, ನಿಲ್ಲಲಿಲ್ಲ. ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ಹೀಗೆ ಮಾಡಿಯೂ ಇಂಜಿನ್ ನಿಂತಿದ್ದರೆ ಸ್ಟಾಪ್ ಕೇಬಲ್ ಪೂರ್ತಿ ಹಿಂದಕ್ಕೆ ಹೋಗಿದೆಯೇ, ಐಡಲಿಂಗ್ ತೀರ ಕಡಿಮೆಯಿದೆಯೇ, ಫಿಲ್ಟರ್ ಕಟ್ಟಿದೆಯೇ ಎಂದು ನೋಡಬೇಕಾಗುತ್ತಿತ್ತು.

ಎರಡನೆಯ ದಿನ ಹ್ಯಾಂಡ್ ಪಂಪ್ ಮುಟ್ಟಲಿಲ್ಲ. ಟಾಕಿಯಿಂದ ಬರುವ ಪೈಪನ್ನು ಹಿಂದಿನ ಸಂಜೆಯೇ ಬಿಚ್ಚಿ, ಐದು ಲೀಟರಿನ ಒಂದು ಸ್ವಚ್ಛ ಡಬ್ಬಿಯನ್ನು ಪಂಪಿಗಿಂತ ಎತ್ತರದಲ್ಲಿ ಕಟ್ಟಿ, ಹೊಸ ಪೈಪಿನಿಂದ ಫೀಡ್ ಪಂಪಿಗೆ ನೇರವಾಗಿ ಡೀಸೆಲ್ ಕೊಟ್ಟು, ಏರ್ ತೆಗೆದು ಇಟ್ಟಿದ್ದೆವು. ರೋಗಿಗೆ ಸಲಾಯಿನ್ ಹಚ್ಚಿದಂತೆ. ರಾತ್ರಿಯೆಲ್ಲ ಹಾಗೆಯೇ ಬಿಟ್ಟು ಬೆಳಿಗ್ಗೆ ಐದಕ್ಕೆ ಸೆಲ್ಫ್ ಹೊಡೆದರೆ ಇಂಜಿನ್ ಎದ್ದು ಓಡುತ್ತಲೇ ಇತ್ತು. ಈ ಒಂದು ಪರೀಕ್ಷೆಯ ಬೆಲೆ ಒಂದು ಡಬ್ಬಿ ಮತ್ತು ಎರಡು ಮೀಟರ್ ಪೈಪು. ಇಂಜಿನ್ ಬದಲಿಸಬೇಕೆಂಬ ತೀರ್ಪನ್ನು ಇದು ಮಗುಚಿಹಾಕಿತು. ಅದೇ ಇಂಜಿನ್, ಅದೇ ಪಂಪು, ಅದೇ ಚಳಿ. ಬದಲಾದದ್ದು ಟಾಕಿ ಮತ್ತು ಕೊಳವೆ ಮಾತ್ರ. ತಮ್ಮ ಏನೂ ಮಾತನಾಡದೆ ಡಬ್ಬಿಯನ್ನೇ ನೋಡುತ್ತ ನಿಂತಿದ್ದ.

ಮೂರನೆಯ ದಿನ ಜಾಗ ಹುಡುಕುವ ಕೆಲಸ. ಟಾಕಿಯ ಪೈಪನ್ನು ಮರಳಿ ಜೋಡಿಸಿ, ಒಂದೊಂದು ಕೀಲಿನ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಪೈಪಿನ ತುಂಡು ಸೇರಿಸಿ ನೋಡಿದೆವು. ಗುಳ್ಳೆ ಎಲ್ಲಿ ಕಾಣತೊಡಗುತ್ತದೆಯೋ ಅದರ ಹಿಂದೆಯೇ ಸೋರಿಕೆ ಇರಬೇಕು. ಎರಡು ಕಡೆ ಸಿಕ್ಕಿತು. ಟಾಕಿಯ ಬಾಯಿಯ ಹತ್ತಿರದ ರಬ್ಬರ್ ಪೈಪು ಕ್ಲಿಪ್ಪಿನ ಕೆಳಗೆ ಸೀಳಿತ್ತು. ಹ್ಯಾಂಡ್ ಪಂಪಿನ ಒಳಗಿನ ರಬ್ಬರ್ ಉಂಗುರ ಸವೆದು ಹೋಗಿತ್ತು. ಜೊತೆಗೆ ಕೊಳವೆಯ ಕೀಲುಗಳಲ್ಲಿನ ತಾಮ್ರದ ವಾಷರುಗಳನ್ನೆಲ್ಲ ಬದಲಿಸಿದೆವು. ಈ ವಾಷರುಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಅವನ್ನೇ ಹಾಕುವ ರೂಢಿ ಎಲ್ಲ ಕಡೆ ಇದೆ. ಒಂದು ಕಟಿಂಗ್ ಚಹಾದ ದುಡ್ಡು ಉಳಿಸಹೋಗಿ ಹೊಸ ಸೋರಿಕೆಗೆ ದಾರಿ ಮಾಡಿಕೊಟ್ಟಂತೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಏಳದ ಇಂಜಿನ್ನಿಗೆ ಗಾಳಿ ಹೀರುವ ಬಾಯಿಯಲ್ಲಿ ಈಥರ್ ಸಿಂಪಡಿಸುವುದು, ಉರಿಯುವ ಬಟ್ಟೆ ಹಿಡಿಯುವುದು, ಆಯಿಲ್ ಚೇಂಬರಿನ ಕೆಳಗೆ ಬೆಂಕಿ ಕಾಯಿಸುವುದು ನಮ್ಮ ಹಳ್ಳಿಗಳ ಕಡೆ ಇನ್ನೂ ನಡೆದಿದೆ. ಪಿಸ್ಟನ್ ಒಡೆಯುವುದರಿಂದ ಹಿಡಿದು ಲಾರಿಯೇ ಹೊತ್ತಿ ಉರಿಯುವವರೆಗೆ ಇದರ ಫಲ ಏನೂ ಆಗಬಹುದು. ಎರಡನೆಯದಾಗಿ, ಓಡುತ್ತಿರುವ ಇಂಜಿನ್ನಿನ ನಾಜಲ್ ಪೈಪು ಸಡಿಲಿಸಿದಾಗ ಅಲ್ಲಿ ಕೈಯೊಡ್ಡಬಾರದು. ಅಷ್ಟು ಒತ್ತಡದ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಸೇರುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತಡಮಾಡಿ ಬೆರಳು ಕಳೆದುಕೊಂಡವರಿದ್ದಾರೆ.

ಹಾಗಾದರೆ ಇಂಜಿನ್ ಆರೋಗ್ಯವಾಗಿದೆಯೇ?

ಕಥೆ ಇಲ್ಲಿಗೇ ಮುಗಿದಿದ್ದರೆ ಮಿಸ್ತ್ರಿಯನ್ನು ದೂಷಿಸಿ ಸುಮ್ಮನಾಗಬಹುದಿತ್ತು. ಆದರೆ ಅವರು ಕಂಡ ಹೊಗೆ ಸುಳ್ಳಲ್ಲ. ಹೊಗೆಗೂ ಭಾಷೆಯಿದೆ: ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ, ಬಿಳಿ ಹೊಗೆಯಿದ್ದರೆ ಡೀಸೆಲ್ ಬಂದಿದೆ, ಉರಿಯುತ್ತಿಲ್ಲ, ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ, ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಈ ಲಾರಿ ಎದ್ದು ಓಡತೊಡಗಿದ ಮೇಲೆ ತುಸು ಹೊತ್ತು ತಿಳಿನೀಲಿ ಹೊಗೆ ಬಿಡುತ್ತಿತ್ತು. ಆಯಿಲ್ ತುಂಬುವ ಮುಚ್ಚಳ ತೆಗೆದರೆ ಹಬೆ ಪುಸುಪುಸು ಹೊರಬರುತ್ತಿತ್ತು.

ಆದ್ದರಿಂದ ನಾಜಲ್‌ಗಳನ್ನು ಬಿಚ್ಚಿ ಆರೂ ಸಿಲಿಂಡರುಗಳ ಕಂಪ್ರೆಶನ್ ಅಳೆಸಿದೆವು. ಇದಕ್ಕೆ ಬ್ಯಾಟರಿ ಪೂರ್ತಿ ತುಂಬಿರಬೇಕು. 24 ವೋಲ್ಟಿನ ವ್ಯವಸ್ಥೆಯಲ್ಲಿ ಸೆಲ್ಫ್ ಹೊಡೆಯುವಾಗ ಸುಮಾರು 19 ವೋಲ್ಟಿಗಿಂತ ಕೆಳಗಿಳಿದರೆ ಅಳತೆಯನ್ನು ನಂಬುವಂತಿಲ್ಲ. ಇಲ್ಲಿ ಅಂಕಿಗಿಂತಲೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ನಾಲ್ಕು ಸರಿಸಮವಾಗಿದ್ದವು, ಐದು ಮತ್ತು ಆರನೆಯವು ಗಣನೀಯವಾಗಿ ಹಿಂದುಳಿದಿದ್ದವು. ಅವುಗಳಲ್ಲಿ ಒಂದೊಂದು ಚಿಕ್ಕ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಆರನೆಯದು ಏರಿತು, ಐದನೆಯದು ಏರಲಿಲ್ಲ. ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ ಎಂದೂ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ ಎಂದೂ ಸಾಮಾನ್ಯವಾಗಿ ತಿಳಿಯಬಹುದು. ಆಯಿಲ್ ಹೆಚ್ಚಾದರೆ ಪಿಸ್ಟನ್ನಿಗೆ ಮೇಲೆ ಬರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗೀತು. ಇದನ್ನು ಅರಿತವರೇ ಮಾಡಬೇಕು.

ಹೀಗೆ ಎರಡು ಕಾಯಿಲೆಗಳು ಬೇರೆಬೇರೆಯಾದವು. ಮುಂಜಾವಿನಲ್ಲಿ ನಿಲ್ಲುತ್ತಿದ್ದದ್ದು ಗಾಳಿಯ ಸೋರಿಕೆಯಿಂದ; ಅದು ಒಂದು ದಿನದಲ್ಲಿ, ಕೆಲವು ನೂರು ರೂಪಾಯಿಗಳಲ್ಲಿ ವಾಸಿಯಾಯಿತು. ಇಂಜಿನ್ನಿನ ಸವಕಳಿಯೂ ನಿಜ, ಆದರೆ ಅದು ಇಂದೇ ಜೀವಕ್ಕೆ ಬಂದದ್ದಲ್ಲ. ಹೊಸ ಇಂಜಿನ್ ಕೂರಿಸಿ ಹಳೆಯ ಟಾಕಿ, ಹಳೆಯ ಪೈಪುಗಳನ್ನೇ ಜೋಡಿಸಿದ್ದರೆ ಮರುದಿನ ಮುಂಜಾನೆ ಏನಾಗುತ್ತಿತ್ತು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಂಜಿನ್ ಬದಲಾವಣೆಯ ಲೆಕ್ಕಾಚಾರ

ಸಮಯ ಸಿಕ್ಕಿದ್ದರಿಂದ ಲೆಕ್ಕ ಹಾಕಲು ಅವಕಾಶವಾಯಿತು. ನಾಲ್ಕು ದಾರಿಗಳಿದ್ದವು.

ಇರುವ ಇಂಜಿನ್ನನ್ನೇ ಬಿಚ್ಚಿ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ ಹೆಡ್ ಕೆಲಸ ಮಾಡಿಸುವುದು ಮೊದಲನೆಯದು. ಇಂಜಿನ್ ನಂಬರ್ ಬದಲಾಗುವುದಿಲ್ಲ, ಕಾಗದಪತ್ರದ ಗೋಜಿಲ್ಲ. ಆದರೆ ಬ್ಲಾಕಿನಲ್ಲಿ ಬಿರುಕಿಲ್ಲವೆಂದೂ ಕ್ರ್ಯಾಂಕ್ ಇನ್ನೂ ಗ್ರೈಂಡಿಂಗ್ ತಾಳುತ್ತದೆಂದೂ ಖಾತ್ರಿಯಾಗಬೇಕು. ಎರಡನೆಯದು ಕಂಪನಿಯಿಂದಲೇ ಪುನರ್ನವೀಕರಿಸಿದ ಇಂಜಿನ್. ಹಳೆಯದನ್ನು ಕೊಟ್ಟು ವ್ಯತ್ಯಾಸದ ಹಣ ತೆತ್ತು ಪಡೆಯುವ ಪ್ರೊಲೈಫ್ ಎಂಬ ಯೋಜನೆಯನ್ನು ಟಾಟಾ ಮೋಟಾರ್ಸ್ ತಂದಿತು. ನಮ್ಮ ಮಾದರಿಗೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ಮೂರನೆಯದು ಗುಜರಿಯಿಂದ ಅದೇ ಮಾದರಿಯ ಇಂಜಿನ್. ಹೆಚ್ಚಿನವರು ತುಳಿಯುವ ದಾರಿ ಇದು, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಚಿಖಲಿ, ಕುದಳವಾಡಿ ಭಾಗದ ಗುಜರಿ ಅಂಗಡಿಗಳು ಬಹುಕಾಲ ಇದಕ್ಕೆ ಹೆಸರಾಗಿದ್ದವು; 2025ರ ಫೆಬ್ರವರಿಯಲ್ಲಿ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆ ಅಲ್ಲಿ ಸಾವಿರಾರು ಅನಧಿಕೃತ ಶೆಡ್ಡುಗಳನ್ನು ಕೆಡವಿತು. ಎಲ್ಲಿ ಕೊಂಡರೂ ಇಂಜಿನ್ನನ್ನು ಓಡಿಸಿ ತೋರಿಸದೆ, ತಣ್ಣಗಿರುವಾಗಲೇ ಎಬ್ಬಿಸಿ ನೋಡದೆ ಹಣ ಕೊಡಬಾರದು. ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ಎಲ್ಲವೂ ಚೆನ್ನಾಗಿಯೇ ಏಳುತ್ತದೆ. ಬ್ಲಾಕಿನ ಮೇಲಿನ ನಂಬರ್ ಉಜ್ಜಿದಂತೆ, ಮರುಕೊರೆದಂತೆ ಕಂಡರೆ ಅಲ್ಲಿಂದ ಹಿಂತಿರುಗುವುದೇ ಜಾಣತನ. ಬಿಲ್ಲು ಮತ್ತು ಆ ಇಂಜಿನ್ ಮೊದಲಿದ್ದ ವಾಹನದ ದಾಖಲೆಗಳನ್ನು ಪಡೆಯದಿದ್ದರೆ ಕಳವಿನ ಮಾಲಿನ ಆರೋಪ ಕೊಂಡವನ ತಲೆಗೇ ಸುತ್ತಿಕೊಳ್ಳುತ್ತದೆ.

ನಾಲ್ಕನೆಯದು ಬೇರೆ ಜಾತಿಯ, ಹೆಚ್ಚು ಶಕ್ತಿಯ ಇಂಜಿನ್ ಕೂರಿಸುವುದು. ತಮ್ಮನಿಗೆ ಇದರ ಮೇಲೆ ಕಣ್ಣಿತ್ತು. ಇಂಜಿನ್ ಎಂದರೆ ಒಂಟಿ ಯಂತ್ರವಲ್ಲ, ಅದಕ್ಕೆ ಬೀಗತನಗಳು ಬಹಳ. ಬೆಲ್ ಹೌಸಿಂಗಿನ ಬೋಲ್ಟುಗಳು, ಫ್ಲೈವ್ಹೀಲ್ ಮತ್ತು ಕ್ಲಚ್ ಪ್ಲೇಟಿನ ಅಳತೆ, ಗೇರ್‌ಬಾಕ್ಸ್ ತಾಳುವ ತಿರುಚು ಬಲ, ಮೌಂಟಿಂಗುಗಳ ಜಾಗ, ಮುಂದಿನ ಆಕ್ಸಲ್ಲಿಗೆ ತಾಗದ ಆಯಿಲ್ ಚೇಂಬರ್, ರೇಡಿಯೇಟರಿನ ಸಾಮರ್ಥ್ಯ, ಜಾಯಿಂಟಿನ ಉದ್ದ ಇವೆಲ್ಲ ಹೊಂದಬೇಕು. ಹೆಚ್ಚಿದ ವೇಗಕ್ಕೆ ತಕ್ಕ ಬ್ರೇಕು ಬೇಕೆಂಬುದನ್ನು ಮರೆತವರೇ ಹೆಚ್ಚು. ಕಾನೂನಿನ ತೊಡಕು ಬೇರೆ. ನನ್ನ ಅಭಿಪ್ರಾಯದಲ್ಲಿ ಒಂದೇ ಲಾರಿಯಿರುವ ಕುಟುಂಬ ಈ ಸಾಹಸಕ್ಕೆ ಕೈಹಾಕಬಾರದು.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಇಂಜಿನ್ ಬದಲಿಸಿದರೆ ಅದನ್ನು ನೋಂದಣಿ ಅಧಿಕಾರಿಗೆ 14 ದಿನಗಳೊಳಗೆ ತಿಳಿಸಿ ಆರ್.ಸಿ.ಯಲ್ಲಿ ಹೊಸ ನಂಬರ್ ದಾಖಲಿಸಿಕೊಳ್ಳಬೇಕು. ಮೊದಲೇ ಹೋಗಿ ಅನುಮತಿ ಪಡೆಯುವುದು ಕ್ಷೇಮ. ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇರಲಿ, ವಿಮಾ ಕಂಪನಿಗೂ ತಿಳಿಸಿರಲಿ. ಇಲ್ಲದಿದ್ದರೆ ಪಾಸಿಂಗ್ ಸಮಯದಲ್ಲೋ, ಅಪಘಾತದ ಪರಿಹಾರ ಕೇಳುವಾಗಲೋ ನಂಬರ್ ತಾಳೆಯಾಗದೆ ಎಲ್ಲವೂ ನಿಂತುಹೋಗುತ್ತದೆ.

ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ಈ ಲಾರಿಯ ನಂಬರ್ ವಿಜಯಪುರದ ಕೆಎ 28. ಮಾಲೀಕತ್ವ ಅಣ್ಣನ ಹೆಸರಿನಲ್ಲಿ, ಲಾರಿ ರಾತ್ರಿ ತಂಗುವುದು ಪುಣೆಯಲ್ಲಿ. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ 47ನೇ ಕಲಮಿನಂತೆ ಅಲ್ಲಿಯ ಹೊಸ ನಂಬರ್ ಪಡೆಯಬೇಕು. ಪುಣೆಯಲ್ಲಿ ಕೆಎ ನಂಬರಿನ ವಾಹನ ಇಟ್ಟುಕೊಂಡ ಎಲ್ಲರೂ ಇದನ್ನು ಗಮನಿಸಬೇಕು. ಇಲ್ಲಿ ಲಾರಿ ವಾರವಾರವೂ ಇಂಡಿಗೆ ಹೋಗಿಬರುವುದರಿಂದ ಅಲ್ಲಿಯೇ ಇಟ್ಟು, ವಿಜಯಪುರದ ಕಚೇರಿಯಲ್ಲೇ ವ್ಯವಹರಿಸುವುದೆಂದು ನಿಶ್ಚಯವಾಯಿತು.

ಕೊನೆಯದಾಗಿ ಲಾರಿಯ ವಯಸ್ಸು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿವರ್ಷ ಪಾಸಿಂಗ್ ಆಗಬೇಕು. 15 ವರ್ಷ ಮೀರಿದವುಗಳ ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಹಲವು ಪಟ್ಟು ಹೆಚ್ಚಿಸಲಾಯಿತು. ಚಾಸಿಗೆ ತುಕ್ಕು ಹಿಡಿದಿದ್ದರೆ, ಸ್ಟೇರಿಂಗ್, ಬ್ರೇಕುಗಳು ಜೀರ್ಣವಾಗಿದ್ದರೆ ಅದರಲ್ಲಿ ಹೊಸ ಇಂಜಿನ್ ಕೂರಿಸುವುದು ಬೀಳುವ ಗೋಡೆಗೆ ಬಣ್ಣ ಬಳಿದಂತೆ. ಅಣ್ಣನ ವಾದದಲ್ಲಿ ಇಷ್ಟು ಸತ್ಯವಿತ್ತು, ತಮ್ಮನೂ ಒಪ್ಪಿಕೊಂಡ. ಚಾಸಿಯನ್ನು ಎತ್ತಿ ನೋಡಿಸಿದಾಗ ಅದು ಗಟ್ಟಿಯಾಗಿಯೇ ಇತ್ತು.

ನಿಂಬೆಗೆ ಬೇಡಿಕೆ ಏರುವುದು ಬೇಸಿಗೆಯಲ್ಲಿ. ಮಾರ್ಚಿನಿಂದ ಮೇ ತಿಂಗಳವರೆಗೆ ಲಾರಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸುವುದೆಂದರೆ ವರ್ಷದ ಗಳಿಕೆಯನ್ನೇ ಬಿಟ್ಟುಕೊಟ್ಟಂತೆ. ಅದಕ್ಕೆಂದೇ ಅಣ್ಣತಮ್ಮಂದಿರು ಮೊದಲನೆಯ ದಾರಿಯನ್ನು ಆರಿಸಿ, ಕೆಲಸವನ್ನು ಆಷಾಢಕ್ಕೆ ಮುಂದೂಡಿದರು. ಅಲ್ಲಿಯವರೆಗೆ ಆಯಿಲ್ ಮಟ್ಟವನ್ನು ದಿನವೂ ನೋಡುವುದು, ಎಷ್ಟು ಕಿಲೋಮೀಟರಿಗೆ ಎಷ್ಟು ಲೀಟರ್ ಆಯಿಲ್ ತುಂಬಿಸಿದೆವೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಎಂದು ಗೊತ್ತಾಯಿತು. ಖರ್ಚು ಒಮ್ಮೆಲೇ ಏರಿದರೆ ಆಷಾಢದವರೆಗೆ ಕಾಯುವಂತಿಲ್ಲ. ಬಂಗಾರ ಮನೆಯಲ್ಲೇ ಉಳಿಯಿತು. ಹಳೆಯ ಸೀಳಿದ ಪೈಪಿನ ತುಂಡನ್ನು ತಮ್ಮ ಕ್ಯಾಬಿನ್ನಿನಲ್ಲಿ, ದೇವರ ಪಟದ ಕೆಳಗೆ ಕಟ್ಟಿಕೊಂಡಿದ್ದಾನೆ.